ಬಾಯಿ ಹಾಕಿತು

ಕಾಮಾಕ್ಷಿಪಾಳ್ಯ
12 ಜನವರಿ 2025

ರಂಜಿನಿ ಮಿಸ್‌ಗೆ,

ಭಾನುವಾರದ ನಾಯಿ ಕ್ಲಾಸಿನಲ್ಲಿ ಎಲ್ಲರೂ ಒಂದು ಪತ್ರ ಬರೆದು ಬಿಸ್ಕತ್ ಡಬ್ಬಿಗೆ ಹಾಕಬೇಕು ಅಂತ ಹೇಳಿದಿರಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನನ್ನ ಹೆಸರು ಕೀರ್ತನಾ ಎಂ. ನಾಲ್ಕನೇ ಕ್ಲಾಸ್, ಬಿ ಸೆಕ್ಷನ್. ಗುರುತಿಲ್ಲದ ನಾಯಿ ಹತ್ತಿರ ಬಂದರೆ ಏನು ಮಾಡಬೇಕು ಅಂತ ನೀವು ಕೇಳಿದಾಗ "ಮರ ಆಗಬೇಕು, ಅಲ್ಲಾಡಬಾರದು" ಅಂತ ಕಿಟಕಿ ಪಕ್ಕದಿಂದ ಕೂಗಿದವಳು ನಾನೇ.

ನಮ್ಮ ಮನೆಗೆ ಒಂದು ಮರಿ ಬಂದಿದೆ. ಅಪ್ಪ ಕೆಲಸ ಮಾಡುವ ಲೇತ್ ಶಾಪಿನಲ್ಲಿ ಮೆಷಿನ್ ಹಿಂದೆ ಐದು ಮರಿ ಹುಟ್ಟಿದ್ದವು. ನಾಲ್ಕನ್ನು ಬೇರೆಯವರು ತೆಗೆದುಕೊಂಡು ಹೋದರು. ಇದನ್ನು ಯಾರೂ ತೆಗೆದುಕೊಳ್ಳಲಿಲ್ಲ. ಈಗ ಆರು ವಾರ. ಜೀರಿಗೆ ಬಣ್ಣ ಇದೆ, ಅದಕ್ಕೆ ಹೆಸರೂ ಜೀರಿಗೆ.

ನರಸಮ್ಮಜ್ಜಿಗೆ ಇಷ್ಟ ಇಲ್ಲ. "ಮನುಷ್ಯರು ಕಾಲು ಚಾಚೋಕೆ ಜಾಗ ಇಲ್ಲ, ಇದಕ್ಕೊಂದು ರೂಮ್ ಕಟ್ಟಿಸ್ತೀಯೇನೋ ಮಹದೇವ?" ಅಂತ ಅಪ್ಪನನ್ನು ಬೈದರು. ಅಪ್ಪ "ನಿನ್ನ ಮಂಚದ ಕೆಳಗೆ ಖಾಲಿ ಇದೆಯಲ್ಲಮ್ಮ" ಅಂದರು. ಈಗ ಅಲ್ಲೇ ಮಲಗುತ್ತದೆ.

ಮಿಸ್, ಇವತ್ತು ಅದು ನನ್ನ ಬೆರಳು ಕಚ್ಚಿತು. ರಕ್ತ ಬರಲಿಲ್ಲ, ಗೆರೆಯೂ ಬೀಳಲಿಲ್ಲ. ಆದರೆ ಅಮ್ಮ "ಇನ್ನೊಂದು ಸಲ ಕಚ್ಚಲಿ, ಮಾಗಡಿ ರೋಡ್ ದಾಟಿಸಿ ಬಿಟ್ಟು ಬರ್ತೀನಿ" ಅಂದರು. ಹಾಗೆ ಬಿಡಬಹುದಾ?

ನಿಮ್ಮ ವಿದ್ಯಾರ್ಥಿನಿ
ಕೀರ್ತನಾ ಎಂ.


ಕಾಮಾಕ್ಷಿಪಾಳ್ಯ
19 ಜನವರಿ 2025

ಕೀರ್ತನಾ,

ಡಬ್ಬಿಯಲ್ಲಿದ್ದ ಹದಿನಾಲ್ಕು ಪತ್ರಗಳಲ್ಲಿ ಕಾಗುಣಿತದ ತಪ್ಪಿಲ್ಲದ್ದು ನಿನ್ನದೊಂದೇ. ಒಂದು ಪದವನ್ನು ಮಾತ್ರ ತಿದ್ದುತ್ತಿದ್ದೇನೆ.

ಮರಿ ಕಚ್ಚುವುದಿಲ್ಲ. ಅದಕ್ಕೆ ಕೈಯಿಲ್ಲ. ನಾವು ಕೈಯಿಂದ ಮುಟ್ಟಿ ನೋಡುವುದನ್ನು ಅದು ಬಾಯಿಂದ ನೋಡುತ್ತದೆ. ಹಲ್ಲು ಬರುವ ಕಾಲದಲ್ಲಿ ಒಸಡು ತುರಿಸುವುದರಿಂದ ಸಿಕ್ಕಿದ್ದನ್ನು ಹಿಡಿಯುತ್ತದೆ. ಇದಕ್ಕೆ ನಮ್ಮ ಕ್ಲಾಸಿನಲ್ಲಿ "ಬಾಯಿ ಹಾಕುವುದು" ಎನ್ನೋಣ. ಬಾಯಿ ಹಾಕಿದರೆ ಕೈ ಎಳೆದುಕೊಳ್ಳಬೇಡ, ಕಿರುಚಬೇಡ. ಮರ ಆಗು. ಹಳೆಯ ಬಟ್ಟೆಯ ಗಂಟೊಂದನ್ನು ಕೊಡು.

ಇದು ಬರೀ ಪದದ ವಿಷಯವಲ್ಲ. ನಾನು ಕೆಲಸ ಮಾಡುವುದು ರಾಜಾಜಿನಗರದ ಒಂದು ನಾಯಿ ಕ್ಲಿನಿಕ್ಕಿನಲ್ಲಿ. ಬೆಳಗ್ಗೆ ಶಟರ್ ಎತ್ತಿದಾಗ ಬಾಗಿಲಲ್ಲಿ ರಟ್ಟಿನ ಪೆಟ್ಟಿಗೆ ಇರುತ್ತದೆ, ಒಳಗೆ ಮರಿ. ಬಿಟ್ಟುಹೋದವರು ಯಾರಾದರೂ ಸಿಕ್ಕಿ ಕಾರಣ ಕೇಳಿದರೆ ಎಲ್ಲರೂ ಹೇಳುವುದು ಒಂದೇ ಪದ: ಕಚ್ಚಿತು. ಆ ಪದ ಕೇಳಿದ ಕೂಡಲೇ ದೊಡ್ಡವರು ಹೆದರುತ್ತಾರೆ. ಆದ್ದರಿಂದ ನೀನು ಆ ಪದವನ್ನು ಯೋಚಿಸಿ ಬಳಸು. ಸಾಕಿದ ಮೇಲೆ ಬಿಡಬಾರದು. ನಿನ್ನ ಪ್ರಶ್ನೆಗೆ ಉತ್ತರ ಅದು.

ಓದಿದ ಮೇಲೆ ಇದನ್ನು ಬೀರುವಿನಲ್ಲಿರುವ ನಿನ್ನ ಹೆಸರಿನ ಫೈಲಿಗೆ ಹಾಕು. ಕೊನೆಯ ಕ್ಲಾಸಿನ ದಿನ ಫೈಲು ನಿನ್ನದು.

ರಂಜಿನಿ ಮಿಸ್


ಕಾಮಾಕ್ಷಿಪಾಳ್ಯ
9 ಫೆಬ್ರವರಿ 2025

ರಂಜಿನಿ ಮಿಸ್‌ಗೆ,

ಮರಿ ನೋಡಿಕೊಳ್ಳೋಕೆ ಏನೇನು ಮಾಡಬೇಕು ಅಂತ ಕ್ಲಾಸಿನಲ್ಲಿ ನೀವು ಕೊಟ್ಟ ಪಟ್ಟಿಯನ್ನು ಗೋಡೆಗೆ ಅಂಟಿಸಿದ್ದೇನೆ. ನೀರು ಎರಡು ಸಲ ಬದಲಾಯಿಸುತ್ತೇನೆ. ಅದು ಕಕ್ಕ ಮಾಡಿದರೆ ನ್ಯೂಸ್ ಪೇಪರಿನಲ್ಲಿ ಎತ್ತುತ್ತೇನೆ. ಅಜ್ಜಿ ನೋಡಿ "ನಿಮ್ಮಪ್ಪಂದೂ ಇಷ್ಟು ಮರ್ಯಾದೆಯಿಂದ ಎತ್ತಿರ್ಲಿಲ್ಲ ಕಣೇ ನಾನು" ಅಂದರು. ಆದರೆ ಈಗ ಅಜ್ಜಿಯೇ ಅದಕ್ಕೆ ರಾಗಿ ಅಂಬಲಿ ಹಾಕುತ್ತಾರೆ. ನಾನು ನೋಡಿದ್ದು ಅವರಿಗೆ ಗೊತ್ತಿಲ್ಲ.

ನಾನು ಈಗ ಕಚ್ಚಿತು ಅನ್ನುವುದೇ ಇಲ್ಲ. ಪಕ್ಕದ ಮನೆ ದುರ್ಗವ್ವ ಆಂಟಿ "ನಿಮ್ಮ ನಾಯಿ ಕಚ್ಚುತ್ತೇನೇ?" ಅಂತ ಕೇಳಿದರು. "ಇಲ್ಲ ಆಂಟಿ, ಅದು ಕಚ್ಚಲ್ಲ" ಅಂದೆ. ಸರಿಯಾಗಿ ಹೇಳಿದೆ ಅಲ್ವಾ?

ನಿನ್ನೆ ಗೇಟ್ ತೆರೆದಿತ್ತು, ಜೀರಿಗೆ ಹೊರಗೆ ಓಡಿತು. ಗ್ಯಾರೇಜ್ ಹತ್ತಿರ ಒಂದು ದೊಡ್ಡ ನಾಯಿ ಬಂದು ಅದರ ಕಿವಿ ಹಿಡಿದು ಒದರಿತು. ಆ ನಾಯಿಯನ್ನು ನಮ್ಮ ಬೀದಿಯಲ್ಲಿ ಯಾವತ್ತೂ ನೋಡಿಲ್ಲ. ಜೀರಿಗೆ ಕಿವಿಯಲ್ಲಿ ರಕ್ತ ಬಂತು. ಅಪ್ಪ ಅರಿಶಿನ ಹಚ್ಚಿದರು. ಮಿಸ್, ಆ ದೊಡ್ಡ ನಾಯಿ ಮಾಡಿದ್ದು ಕಚ್ಚಿದ್ದಾ, ಬಾಯಿ ಹಾಕಿದ್ದಾ?

ಲಸಿಕೆಗೆ ಮೂರು ತಿಂಗಳು ತುಂಬಬೇಕು ಅಂದಿದ್ದಿರಲ್ಲ, ಜೀರಿಗೆಗೆ ಮಾರ್ಚ್ 1ಕ್ಕೆ ತುಂಬುತ್ತದೆ. ಮಾರ್ಚ್ 2ಕ್ಕೆ ನಿಮ್ಮ ಲಸಿಕೆ ಶಿಬಿರ. ಒಂದೇ ದಿನ ವ್ಯತ್ಯಾಸ. ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದೇನೆ.

ನಿಮ್ಮ ವಿದ್ಯಾರ್ಥಿನಿ
ಕೀರ್ತನಾ ಎಂ.


ಕಾಮಾಕ್ಷಿಪಾಳ್ಯ
16 ಫೆಬ್ರವರಿ 2025

ಕೀರ್ತನಾ,

ಅವಸರದಲ್ಲಿ ಬರೆಯುತ್ತಿದ್ದೇನೆ. ನಮ್ಮ ಕ್ಲಾಸ್ ನಡೆಯುವ ಹಾಲ್‌ನ ಚಾವಣಿ ರಿಪೇರಿ ಮಾಡಿಸುತ್ತಿದ್ದಾರೆ. ಮುಂದಿನ ಭಾನುವಾರದಿಂದ ಕ್ಲಾಸಿಲ್ಲ. ಲಸಿಕೆ ಶಿಬಿರವನ್ನು ಮಾರ್ಚ್ 23ಕ್ಕೆ ಹಾಕಿದ್ದೇನೆ, ಹಾಲ್‌ನ ಮುಂದಿನ ಅಂಗಳದಲ್ಲಿ. ಮೂರು ವಾರ ಆಚೀಚೆಯಾದರೆ ತೊಂದರೆಯಿಲ್ಲ, ಕ್ಯಾಲೆಂಡರಿನಲ್ಲಿ ತಿದ್ದಿಕೋ. ಕಿವಿಯ ಗಾಯ ಒಣಗಿದ್ದರೆ ಚಿಂತೆ ಬೇಡ, ಶಿಬಿರದ ದಿನ ನೋಡುತ್ತೇನೆ.

ಉಳಿದಿರುವುದು ಒಂದೇ ಪಾಠ: ನಾಯಿ ಕಚ್ಚಿದರೆ ಏನು ಮಾಡಬೇಕು. ಅದನ್ನು ಬೇಕೆಂದೇ ಕೊನೆಗೆ ಇಟ್ಟಿದ್ದೇನೆ. ಮೊದಲೇ ಹೇಳಿದ್ದರೆ ನಿಮ್ಮಲ್ಲಿ ಅರ್ಧ ಜನ ನಾಯಿಯ ಹತ್ತಿರವೇ ಹೋಗುತ್ತಿರಲಿಲ್ಲ.

ಡಬ್ಬಿ ಹಾಲ್‌ನ ಕಿಟಕಿಯ ಮೇಲೆ ಇರುತ್ತದೆ. ಕಾವಲಿನ ಮರೆಪ್ಪನವರಿಗೆ ಹೇಳಿದ್ದೇನೆ. ಜೀರಿಗೆ ಹೊಸದೇನಾದರೂ ಮಾಡಿದರೆ ಬರೆದು ಹಾಕು. ತಾರೀಖು, ಜಾಗ, ಏನಾಯಿತು, ಇಷ್ಟು ಸಾಕು.

ರಂಜಿನಿ ಮಿಸ್


ಕಾಮಾಕ್ಷಿಪಾಳ್ಯ
11 ಮೇ 2025

ರಂಜಿನಿ ಮೇಡಂ ಅವರಿಗೆ,

ನಾನು ಕೀರ್ತನಾ ತಾಯಿ ಕಲಾ. ಏಪ್ರಿಲ್ 19ಕ್ಕೆ ಅವಳು ಹೋದಳು. ನಿಮಗೆ ಗೊತ್ತಿದೆ. ಹನ್ನೊಂದನೇ ದಿನ ನೀವು ಬೀದಿಯ ತುದಿಯಲ್ಲಿ ನಿಂತಿದ್ದನ್ನು ದುರ್ಗವ್ವ ನೋಡಿದರಂತೆ. ಒಳಗೆ ಬರಲಿಲ್ಲ.

ನಿಮ್ಮ ವಿಳಾಸವನ್ನು ಶಿಬಿರದ ಚೀಟಿಯಲ್ಲಿ ನೋಡಿ ಬರೆಯುತ್ತಿದ್ದೇನೆ. ಫೋನಿನಲ್ಲಿ ನನ್ನ ಕೈಲಿ ಆಗುವುದಿಲ್ಲ. ಮಗುವಿನ ಹತ್ತಿರ ನೀವು ಪತ್ರದಲ್ಲೇ ಮಾತಾಡುತ್ತಿದ್ದಿರಿ. ನನಗೂ ಹಾಗೇ ಬರೆಯಿರಿ.

ಮರಿ ಮಾರ್ಚ್ 9ಕ್ಕೇ ಸತ್ತಿತ್ತು. ಎರಡು ದಿನ ಮಂಚದ ಕೆಳಗಿಂದ ಈಚೆ ಬರಲಿಲ್ಲ, ಮೂರನೇ ದಿನ ಉಸಿರಿರಲಿಲ್ಲ. ಬೀದಿಯಲ್ಲಿ ಬೇರೆ ಮರಿಗಳೂ ಭೇದಿಯಾಗಿ ಸತ್ತಿದ್ದವು, ಇದೂ ಹಾಗೇ ಅಂದುಕೊಂಡೆವು. ಏಪ್ರಿಲ್‌ನಲ್ಲಿ ಇವಳು ಎಡಗೈ ಜುಮ್ ಅನ್ನುತ್ತೆ ಅಂದಳು. ಆಮೇಲೆ ಜ್ವರ. ಆಮೇಲೆ ನೀರಿನ ಲೋಟ ತೋರಿಸಿದರೆ ಗಂಟಲು ಹಿಡಿದುಕೊಳ್ಳೋಳು. ಫ್ಯಾನ್ ಹಾಕಿದರೆ ಕಿರುಚೋಳು. ಮೂರನೇ ಆಸ್ಪತ್ರೆಯಲ್ಲಿ ಡಾಕ್ಟರ್ ನಮ್ಮನ್ನು ಪಕ್ಕಕ್ಕೆ ಕರೆದು "ನಾಯಿ ಕಚ್ಚಿತ್ತಾ?" ಅಂತ ಕೇಳಿದರು. "ಇಲ್ಲ ಸಾರ್" ಅಂದೆ. "ಮಗುವನ್ನ ಕೇಳಿ" ಅಂದರು. ಕೇಳಿದೆ.

"ಚಿನ್ನಿ, ಜೀರಿಗೆ ಕಚ್ಚಿತ್ತಾ?"

"ಇಲ್ಲಮ್ಮ, ಕಚ್ಚಿಲ್ಲ" ಅಂದಳು.

ಅವಳು ನನಗೆ ಸರಿಯಾಗಿ ಆಡಿದ ಕೊನೆಯ ಮಾತು ಅದು. ಆಮೇಲೆ ಆಡಿದ್ದು ಮಾತಲ್ಲ.

ಈಗ ಬೀದಿಯೆಲ್ಲ ಒಂದೇ ಮಾತು. ಮುಚ್ಚಿಟ್ಟಳು ಅಂತ. ನಮ್ಮತ್ತೆಯೂ "ನಾಯಿ ಬಿಟ್ಟುಬರ್ತೀನಿ ಅಂತ ಹೆದರಿಸಿದ್ದು ನೀನು, ಅದಕ್ಕೇ ಮಗ ಬಾಯಿ ಬಿಡಲಿಲ್ಲ" ಅನ್ನುತ್ತಾರೆ. ಇರಬಹುದು. ಆದರೆ ಡಾಕ್ಟರ್ ಕೇಳಿದಾಗ ಮರಿ ಸತ್ತು ತಿಂಗಳಾಗಿತ್ತು. ಸತ್ತ ನಾಯಿಯನ್ನು ಉಳಿಸೋಕೆ ಯಾರಾದರೂ ಸುಳ್ಳು ಹೇಳುತ್ತಾರಾ ಮೇಡಂ? ಪೆನ್ಸಿಲ್ ಕಳೆದರೂ ಬಂದು ಹೇಳುತ್ತಿದ್ದ ಮಗು ಅದು. ಯಾವತ್ತೂ ಸುಳ್ಳು ಹೇಳದವಳು ಕೊನೇ ಮಾತು ಸುಳ್ಳು ಹೇಳಿ ಹೋದಳಾ? ಇದೊಂದು ನನಗೆ ಗೊತ್ತಾಗಬೇಕು.

ಅವಳ ಹೆಸರಿನ ಒಂದು ಫೈಲ್ ನಿಮ್ಮ ಹತ್ತಿರ ಇದೆ ಅಂತ ಹೇಳುತ್ತಿದ್ದಳು. ಅದನ್ನು ಕೊಡಿ. ಅದರಲ್ಲೇನಾದರೂ ಬರೆದಿದ್ದಾಳಾ ನೋಡಬೇಕು.

ಕಲಾ


ದೀಪಾಂಜಲಿ ನಗರ
25 ಮೇ 2025

ಕಲಾ ಅವರಿಗೆ,

ನಿಮ್ಮ ಪತ್ರ ತಲುಪಿತು. ಏನು ಬರೆದರೂ ಸಣ್ಣದಾಗುತ್ತದೆ. ಕೀರ್ತನಾ ನಮ್ಮ ಕ್ಲಾಸಿನ ಅತ್ಯಂತ ಶಿಸ್ತಿನ ಮಗುವಾಗಿದ್ದಳು.

ಫೈಲು ಹಾಲ್‌ನ ಬೀರುವಿನಲ್ಲಿರಬೇಕು. ಕೀಲಿ ಇರುವುದು ಮರೆಪ್ಪನವರ ಬಳಿ, ಅವರು ಊರಿಗೆ ಹೋಗಿದ್ದಾರೆ. ಬಂದ ಮೇಲೆ ಹುಡುಕಿಸುತ್ತೇನೆ. ಅದರಲ್ಲಿ ಹೆಚ್ಚೇನೂ ಇರಲಾರದು, ಮಕ್ಕಳು ಬರೆಯುವಂಥದ್ದೇ.

ಕ್ಲಾಸುಗಳನ್ನು ನಿಲ್ಲಿಸಿದ್ದೇನೆ.

ರಂಜಿನಿ


ಕಾಮಾಕ್ಷಿಪಾಳ್ಯ
29 ಜೂನ್ 2025

ಮೇಡಂ,

ಒಂದು ತಿಂಗಳು ಕಾದೆ. ಇವತ್ತು ಕ್ಲಾಸ್ ನಡೆಯುತ್ತಿದ್ದ ಹಾಲ್‌ಗೆ ಹೋಗಿದ್ದೆ. ಮರೆಪ್ಪ ಅಲ್ಲೇ ಸ್ಟೂಲ್ ಮೇಲೆ ಕೂತು ಬೀಡಿ ಸೇದುತ್ತಿದ್ದರು. "ಊರಿಂದ ಯಾವಾಗ ಬಂದ್ರಣ್ಣ?" ಅಂದೆ. "ಯಾವ ಊರಮ್ಮ? ನಮ್ಮಪ್ಪ ಹುಟ್ಟಿದ್ದೂ ಇದೇ ಪಾಳ್ಯದಲ್ಲಿ" ಅಂದರು. ಬೀರು ತೆಗೆದು ತೋರಿಸಿದರು. ಖಾಲಿ. "ಫೈಲೂ ಡಬ್ಬೀನೂ ಎಲ್ಲಾ ಶಿಬಿರದ ದಿನಾನೇ ಮೇಡಂ ಬ್ಯಾಗಿಗೆ ಹಾಕ್ಕೊಂಡು ಹೋದ್ರಲ್ಲಮ್ಮ" ಅಂದರು.

ನೀವು ಓದಿದವರು. ನನಗೆ ಸುಳ್ಳು ಹೇಳಬೇಕಾದರೆ ಇದಕ್ಕಿಂತ ಚೆನ್ನಾಗಿ ಹೇಳಬಹುದಿತ್ತು.

ಅದರಲ್ಲಿ ಏನೋ ಇದೆ. ಇಲ್ಲದಿದ್ದರೆ ನೀವು ಕೊಟ್ಟುಬಿಡುತ್ತಿದ್ದಿರಿ. ನಿಮ್ಮ ಮೇಲೆ ಕಂಪ್ಲೇಂಟ್ ಕೊಡೋಕೆ ಕೇಳುತ್ತಿಲ್ಲ. ನಾಯಿಯನ್ನು ಮನೆಗೆ ತಂದವನು ನಾನೇ ಅಂತ ಕೊರಗಿ ನಮ್ಮ ಯಜಮಾನರು ಯಾರ ಹತ್ತಿರವೂ ಮಾತಾಡುವುದಿಲ್ಲ. ಅತ್ತೆ ನನ್ನನ್ನು ಅನ್ನುತ್ತಾರೆ. ನಾನು ಮಗುವನ್ನು ಅನ್ನುತ್ತಿದ್ದೇನೆ, ಮನಸ್ಸಿನಲ್ಲೇ. ಹೇಳಿದ್ದರೆ ಉಳಿಯುತ್ತಿದ್ದೆಯಲ್ಲೇ ಅಂತ. ಸತ್ತ ಮಗುವನ್ನು ದಿನಾ ಬೈಯುವ ತಾಯಿ ಹೇಗಿರುತ್ತಾಳೆ ಅಂತ ನಿಮಗೆ ಗೊತ್ತಾ?

ನನ್ನ ಮಗಳು ಸುಳ್ಳಿಯೋ ಅಲ್ಲವೋ. ಅಷ್ಟು ಹೇಳಿ.

ಕಲಾ


ದೀಪಾಂಜಲಿ ನಗರ
13 ಜುಲೈ 2025

ಕಲಾ ಅವರಿಗೆ,

ಅಲ್ಲ. ಫೈಲು ಪೂರ್ತಿ ಇದರೊಂದಿಗಿದೆ. ಮೇಲಿರುವುದೇ ಅವಳ ಕೊನೆಯ ಪತ್ರ. ಅದನ್ನು ಓದುವ ಮೊದಲು ನಾನು ಮಾಡಿದ್ದನ್ನು ಕ್ರಮವಾಗಿ ಹೇಳಬೇಕು.

ಮಾರ್ಚ್ 23ರ ಶಿಬಿರಕ್ಕೆ ಕೀರ್ತನಾ ಬರಲಿಲ್ಲ. ಮರಿ ಸತ್ತಿತಂತೆ ಎಂದು ಬೇರೆ ಮಕ್ಕಳು ಹೇಳಿದರು. ಹೇಗೆ ಸತ್ತಿತು ಎಂದು ನಾನು ಕೇಳಲಿಲ್ಲ. ಕಿವಿಗೆ ಗಾಯವಾಗಿದ್ದ ಮರಿ ಎಂಬುದು ಆ ಗಲಾಟೆಯಲ್ಲಿ ನೆನಪಿಗೆ ಬರಲಿಲ್ಲ. ಕಿಟಕಿಯ ಮೇಲಿದ್ದ ಡಬ್ಬಿಯನ್ನು ಬಿಚ್ಚದೆ ಬ್ಯಾಗಿಗೆ ಹಾಕಿಕೊಂಡೆ. ಮನೆಯಲ್ಲಿ ಫ್ರಿಜ್ಜಿನ ಮೇಲಿಟ್ಟೆ. ಅದು ಅಲ್ಲಿ ನಾಲ್ಕು ವಾರ ಇತ್ತು. ನಾನು ದಿನವೂ ಅದರ ಮುಂದೆ ಕಾಫಿ ಮಾಡಿಕೊಂಡಿದ್ದೇನೆ. ಏಪ್ರಿಲ್ 20ರ ಬೆಳಗ್ಗೆ, ಸುದ್ದಿ ತಿಳಿದ ಮೇಲೆ, ಮುಚ್ಚಳ ತೆಗೆದೆ. ಒಳಗೆ ಇದ್ದದ್ದು ಒಂದೇ ಪತ್ರ.

ಮಾರ್ಚ್ 23ರಂದು ಓದಿದ್ದರೂ ಚುಚ್ಚುಮದ್ದು ಶುರು ಮಾಡಲು ಸಮಯವಿತ್ತು. ನಾನು ಆ ಕೆಲಸದಲ್ಲಿ ಇರುವವಳು, ಇದು ನನಗೆ ಗೊತ್ತು.

ಒಂದು ಮಾತು ನಿಮಗೆ ತಿಳಿದಿರಬೇಕು. ನಮ್ಮ ಕ್ಲಾಸಿನಲ್ಲಿ ಮರಿಯ ಹಲ್ಲು ಕೈಗೆ ತಾಗಿದರೆ "ಕಚ್ಚಿತು" ಎನ್ನಬಾರದು, "ಬಾಯಿ ಹಾಕಿತು" ಎನ್ನಬೇಕು ಎಂದು ಹೇಳಿಕೊಟ್ಟವಳು ನಾನು. ಕೆಳಗೆ ಜನವರಿ 19ರ ಪತ್ರದಲ್ಲಿ ಅದು ನನ್ನದೇ ಅಕ್ಷರದಲ್ಲಿದೆ. ಮೇ ತಿಂಗಳಲ್ಲಿ ನಾನು ಅಡಗಿಸಿದ್ದು ಇದನ್ನೇ. ನಿಮಗಾಗಿ ಅಡಗಿಸಿದೆ ಎಂದು ಆಗ ಅಂದುಕೊಂಡಿದ್ದೆ. ಅದು ಪೂರ್ತಿ ನಿಜವಲ್ಲ.

ರಂಜಿನಿ


ಕಾಮಾಕ್ಷಿಪಾಳ್ಯ
4 ಮಾರ್ಚ್ 2025, ಮಂಗಳವಾರ

ರಂಜಿನಿ ಮಿಸ್‌ಗೆ,

ಹೊಸದೇನಾದರೂ ಆದರೆ ಬರೆಯಬೇಕು ಅಂದಿದ್ದಿರಿ.

ತಾರೀಖು: ಇವತ್ತು. ಜಾಗ: ಅಜ್ಜಿ ಮಂಚದ ಕೆಳಗೆ. ಏನಾಯಿತು: ಜೀರಿಗೆ ಬಾಯಿ ಹಾಕಿತು. ಎಡಗೈ, ಹೆಬ್ಬೆರಳ ಹತ್ತಿರ. ಎರಡು ಚುಕ್ಕೆ ಬಿದ್ದಿದೆ. ರಕ್ತ ಒಂದು ಹನಿ. ನಾನು ಕೈ ಎಳೆದುಕೊಳ್ಳಲಿಲ್ಲ. ಮರ ಆದೆ. ಆದರೆ ಅದು ಬಿಡಲಿಲ್ಲ. ಬಟ್ಟೆ ಗಂಟು ಕೊಟ್ಟರೂ ಬೇಡ ಅಂತು. ಅದಕ್ಕೆ ನಾನು ಗೊತ್ತೇ ಇಲ್ಲದ ಹಾಗೆ ನೋಡಿತು.

ಅಮ್ಮನಿಗೆ ಹೇಳಿದೆ. ನೀವು ಹೇಳಿಕೊಟ್ಟ ಹಾಗೇ ಹೇಳಿದೆ, "ಅಮ್ಮ, ಜೀರಿಗೆ ಬಾಯಿ ಹಾಕ್ತು" ಅಂತ. ಅಮ್ಮ ಹೊಲಿಗೆ ಮೆಷಿನ್ ತುಳಿಯುತ್ತಿದ್ದರು. ಹೆದರಲಿಲ್ಲ. ನೀವು ಹೇಳಿದ್ದು ಸರಿ ಮಿಸ್, ಆ ಪದ ಹೇಳಿದರೆ ಹೆದರುವುದಿಲ್ಲ. "ಥೂ, ಚೆಲ್ಲಿಬಿಡೇ ಅದನ್ನ. ತಟ್ಟೆ ತೊಳೆದಿಡು" ಅಂದರು.

ಏನು ಚೆಲ್ಲಬೇಕು, ಯಾವ ತಟ್ಟೆ ಅಂತ ಗೊತ್ತಾಗಲಿಲ್ಲ. ನನ್ನ ತಟ್ಟೆ ಮೊದಲೇ ತೊಳೆದಿತ್ತು. ಇನ್ನೊಂದು ಸಲ ತೊಳೆದಿಟ್ಟೆ.

ಮಿಸ್, ಎರಡು ಚುಕ್ಕೆ ಬಿದ್ದರೂ ಅದು ಬಾಯಿ ಹಾಕಿದ್ದೇ ಅಲ್ವಾ? ನೀವು ಹೇಳುವವರೆಗೆ ನಾನು ಬೇರೆ ಪದ ಬಳಸುವುದಿಲ್ಲ.

ನಿಮ್ಮ ವಿದ್ಯಾರ್ಥಿನಿ
ಕೀರ್ತನಾ ಎಂ.


ಕಾಮಾಕ್ಷಿಪಾಳ್ಯ
10 ಆಗಸ್ಟ್ 2025

ರಂಜಿನಿ ಮೇಡಂ ಅವರಿಗೆ,

ಫೈಲ್ ಬಂತು. ಓದಿದೆ.

ಆ ಮಂಗಳವಾರ ನನಗೆ ನೆನಪಿದೆ. ಗಾರ್ಮೆಂಟ್ಸಿನಿಂದ ಮನೆಗೆ ತಂದಿದ್ದ ಕಾಲರ್‌ಗಳನ್ನು ಸಾಯಂಕಾಲದೊಳಗೆ ಹೊಲಿದು ಕೊಡಬೇಕಿತ್ತು. ನಾನು ತಲೆ ಎತ್ತಲಿಲ್ಲ. ಬಾಯಿ ಹಾಕ್ತು ಅಂದಳು. ನಾಯಿ ಬಾಯಿ ಹಾಕಿತು ಅಂದರೆ ನಮ್ಮ ಮನೆಯಲ್ಲಿ ಅನ್ನಕ್ಕೆ. ಎಲ್ಲರ ಮನೆಯಲ್ಲೂ ಅನ್ನಕ್ಕೇ. ಬೇರೆ ಯಾವುದಕ್ಕೆ ಹಾಕುತ್ತೆ ಅಂತ ನಾನು ಕೇಳಲಿ?

ಅವಳು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದಳು. "ಏನೇ?" ಅಂದೆ. "ಏನಿಲ್ಲ" ಅಂದಳು. ಆಮೇಲೆ ಬಚ್ಚಲಲ್ಲಿ ನಲ್ಲಿ ಬಿಟ್ಟ ಶಬ್ದ ಕೇಳಿಸಿತು. ಊಟಕ್ಕೆ ಬಡಿಸುವಾಗ ನೋಡಿದರೆ ಪಾತ್ರೆಯಲ್ಲಿ ಅನ್ನ ಇದ್ದ ಹಾಗೇ ಇತ್ತು. ಚೆಲ್ಲು ಅಂದಿದ್ದನ್ನು ಎಲ್ಲಿಂದ ಚೆಲ್ಲಿದಳು ಅಂತ ಒಂದು ಗಳಿಗೆ ಅನ್ನಿಸಿತು. ಕೇಳಲಿಲ್ಲ. ಕೈ ಮೇಲಿನ ಎರಡು ಚುಕ್ಕೆಯನ್ನೂ ಕಂಡಿದ್ದೆ. ನನ್ನ ಜೊತೆ ಗುಂಡಿ ಹಚ್ಚುತ್ತಿದ್ದಳು, ಸೂಜಿ ಚುಚ್ಚಿಕೊಂಡಿದ್ದಾಳೆ ಅಂದುಕೊಂಡೆ.

ಹೇಳಿದ್ದಳು ಮೇಡಂ. ಅವತ್ತೇ ಹೇಳಿದ್ದಳು. ನನಗೂ ಹೇಳಿದ್ದಳು, ನಿಮಗೂ ಹೇಳಿದ್ದಳು. ನೀವು ಹೇಳಿರಲಿಲ್ಲ, ಅದಕ್ಕೇ ಆಸ್ಪತ್ರೆಯಲ್ಲೂ ಬೇರೆ ಪದ ಬಳಸಲಿಲ್ಲ.

ಪತ್ರವನ್ನು ಅತ್ತೆಗೆ ಓದಿ ಹೇಳಿದೆ. "ಹಂಗಾರೆ ಮಗ ಸುಳ್ಳು ಹೇಳ್ಲಿಲ್ಲ" ಅಂದರು. ಎದ್ದು ಹೋಗಿ ದುರ್ಗವ್ವನಿಗೆ ಹೇಳಿದರು. ಬಾಗಿಲು ಬಾಗಿಲಿಗೆ ಹೋಗಿ ಹೇಳಿ ಬಂದರು. ತಟ್ಟೆಯ ವಿಷಯವನ್ನು ನಾನು ಅವರಿಗೆ ಓದಲಿಲ್ಲ.

ನಿಮ್ಮನ್ನು ಕ್ಷಮಿಸಿದ್ದೇನೆ ಅಂತ ಬರೆಯೋಕೆ ಕೂತಿಲ್ಲ. ನನ್ನನ್ನೇ ಏನು ಮಾಡಬೇಕು ಅಂತ ಗೊತ್ತಿಲ್ಲ. ಕ್ಲಾಸ್ ಮತ್ತೆ ಶುರು ಮಾಡಿ ಅಂತಲೂ ಹೇಳುವುದಿಲ್ಲ, ಬೇಡ ಅಂತಲೂ ಹೇಳುವುದಿಲ್ಲ. ಮಾಡಿದರೆ ಆ ಕೊನೇ ಪಾಠವನ್ನು ಮೊದಲನೇ ದಿನ ಹೇಳಿ. ಹಲ್ಲು ತಾಗಿದರೆ ಕಚ್ಚಿತು ಅಂತಲೇ ಹೇಳಿಕೊಡಿ. ನಾವು ಹೆದರಿಕೊಳ್ಳುತ್ತೇವೆ. ಹೆದರಿಕೊಂಡರೆ ಎದ್ದು ನೋಡುತ್ತೇವೆ.

ಅವಳ ತಟ್ಟೆ ಇನ್ನೂ ಸ್ಟ್ಯಾಂಡಿನಲ್ಲೇ ಇದೆ. ಕೊಂಡ ದಿನ ಅಂಗಡಿಯಲ್ಲೇ ಹೆಸರು ಕೆತ್ತಿಸಿದ್ದೆ. ಯಾರೂ ಅದನ್ನು ಮುಟ್ಟುವುದಿಲ್ಲ. ಇವತ್ತು ಬೆಳಗ್ಗೆ ಅತ್ತೆ ಅಡುಗೆಮನೆಯಿಂದ ಕೂಗಿದರು, "ಧೂಳು ಕೂತಿದೆ ಕಣೇ ಕಲಾ, ತಟ್ಟೆ ತೊಳೆದಿಡು" ಅಂತ.

ಯಾವ ತಟ್ಟೆ ಅಂತ ನಾನೂ ಕೇಳಲಿಲ್ಲ. ತೊಳೆದಿಟ್ಟೆ.

ಕಲಾ
ಕೀರ್ತನಾ ತಾಯಿ